ಎಂಟು ತಿಂಗಳಾಗಿದೆ, ಲಾಂಚ್‌ನಲ್ಲಿ ಹೊಳೆ ದಾಟಬಹುದಾ?

ಪ್ರಶ್ನೆ: ನನಗೆ 26 ವರ್ಷ. ಚೊಚ್ಚಲ ಬಸಿರು. ಮೊನ್ನೆಗೆ 34 ವಾರ ತುಂಬಿತು. ಗಂಡನ ಮನೆ ಶರಾವತಿ ಹಿನ್ನೀರಿನ ಆಚೆ, ಕರೂರು ಹೋಬಳಿಯ ಒಂದು ಹಳ್ಳಿ. ತವರು ಕಾರ್ಗಲ್ ಹತ್ತಿರ. ಹಲ್ಕೆರೆಯಲ್ಲಿ ಲಾಂಚ್ ಹತ್ತಿ ಮುಪ್ಪಾನೆಯಲ್ಲಿ ಇಳಿದರೆ ತವರು ಹತ್ತಿರವಾಗುತ್ತದೆ. ಸಿಗಂದೂರು ಸೇತುವೆ ಮೇಲೆ ಹೋದರೆ ಸಾಗರ, ತಾಳಗುಪ್ಪ ಎಂದು ಸುತ್ತು ಹಾಕಬೇಕು. ಸೀಮಂತ ಮುಗಿದಿದೆ, ಅಮ್ಮ ದಿನಾ ಫೋನ್ ಮಾಡಿ ಯಾವಾಗ ಬರುತ್ತೀ ಎನ್ನುತ್ತಾರೆ. ಅತ್ತೆ ಮಾತ್ರ ಬಿಡುತ್ತಿಲ್ಲ. ಬಸುರಿ ಹೊಳೆ ದಾಟಬಾರದು, ಅದರಲ್ಲೂ ಎಂಟರಲ್ಲಿ ದಾಟಲೇಬಾರದು, ಒಂಬತ್ತಕ್ಕೆ ಬೀಳಲಿ, ಒಳ್ಳೆ ದಿನ ನೋಡಿ ಕಳಿಸುತ್ತೇನೆ ಎನ್ನುತ್ತಾರೆ. ಲಾಂಚ್ ಅಲ್ಲಾಡಿದರೆ ಮಗುವಿನ ಕುತ್ತಿಗೆಗೆ ಕರುಳಬಳ್ಳಿ ಸುತ್ತಿಕೊಳ್ಳುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಅಂದಿನಿಂದ ನನಗೂ ನಿದ್ದೆ ಇಲ್ಲ. ಬಿಪಿ ಸರಿ ಇದೆ. ಹಿಮೋಗ್ಲೋಬಿನ್ 10.2. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಾಸು (ಪ್ಲಾಸೆಂಟಾ) ಕೆಳಗಿದೆ ಎಂದಿದ್ದರು, ಆಮೇಲಿನ ಸ್ಕ್ಯಾನ್‌ನಲ್ಲಿ ಮೇಲೆ ಹೋಗಿದೆ ಎಂದರು. ನಮ್ಮದೇ ಓಮ್ನಿ ಇದೆ, ಯಜಮಾನರೇ ಓಡಿಸುತ್ತಾರೆ. ಮುಪ್ಪಾನೆ ಕಡೆ ಕಾಡಿನ ರಸ್ತೆ, ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಏನು ಮಾಡಲಿ ಡಾಕ್ಟ್ರೇ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಇವತ್ತು ರಾತ್ರಿಯಾದರೂ ನೀವು ನಿದ್ದೆ ಮಾಡಿ. ಹೊಳೆ ದಾಟುವುದರಿಂದ ನಿಮ್ಮ ಮಗುವಿಗೆ ಏನೂ ಆಗುವುದಿಲ್ಲ. ಬಳ್ಳಿ ಸುತ್ತಿಕೊಳ್ಳುವುದಿಲ್ಲ, ಬೇನೆ ಶುರುವಾಗುವುದಿಲ್ಲ. ತವರಿಗೆ ಈ ವಾರವೇ ಹೊರಡಿ, ಒಂಬತ್ತಕ್ಕೆ ಕಾಯಬೇಡಿ. ಆದರೆ ದಾರಿ ಯಾವುದು ಎಂದು ಕೇಳಿದರೆ, ನಿಮ್ಮ ವಿಷಯದಲ್ಲಿ ನಾನು ಸೇತುವೆ ದಾರಿಯನ್ನೇ ಹೇಳುತ್ತೇನೆ. ಲಾಂಚ್ ಬೇಡ ಎನ್ನುವುದಕ್ಕೆ ಕಾರಣ ನೀರಲ್ಲ, ಅಲೆಯಲ್ಲ. ಬೇರೆಯೇ ಇದೆ, ಬರುತ್ತೇನೆ.

ಮಲೆನಾಡಿನಲ್ಲಿ ಹೆರಿಗೆ ಮಾಡಿಸುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಹೊಳೆ ಆಚೆಯಿಂದ ಬಂದ ಬಸುರಿಯರನ್ನು ಬಹಳ ನೋಡಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಕರೂರು, ಬಾರಂಗಿ ಹೋಬಳಿಯ ಜನಕ್ಕೆ ಸಾಗರ ಎಂದರೆ ನೀರಿನ ಆಚೆಯ ಊರಾಯಿತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ಎರಡು ಮೂರು ತಲೆಮಾರಿನ ಹೆಣ್ಣುಮಕ್ಕಳು ಲಾಂಚ್‌ನಲ್ಲೇ ತವರಿಗೆ ಹೋದರು, ಲಾಂಚ್‌ನಲ್ಲೇ ಕೂಸು ಎತ್ತಿಕೊಂಡು ವಾಪಸ್ ಬಂದರು. ನಿಮ್ಮ ಅತ್ತೆಯೂ ಹಾಗೆ ಹೋಗಿ ಬಂದವರೇ ಇರಬೇಕು. ಒಮ್ಮೆ ಕೇಳಿ ನೋಡಿ. ವಾದಕ್ಕಲ್ಲ, ಸುಮ್ನೆ ಕೇಳಿ. ಅವರ ಹೆದರಿಕೆ ಎಲ್ಲಿಂದ ಬಂತು ಎನ್ನುವುದು ಆ ಮಾತಿನಲ್ಲೇ ಸಿಗಬಹುದು.

ಯಾಕೆಂದರೆ ಬಸುರಿ ಹೊಳೆ ದಾಟಬಾರದು ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಹೊಳೆ ದಾಟುವುದು ಎಂದರೆ ಮಳೆಗಾಲದ ಕೆಂಪು ನೀರಿನಲ್ಲಿ ಸಣ್ಣ ದೋಣಿ. ಒಬ್ಬ ಅಂಬಿಗ, ಒಂದು ಹುಟ್ಟು. ಮಗುಚಿದರೆ ತುಂಬು ಬಸುರಿ ಈಜಿ ದಡ ಸೇರುವುದುಂಟೇ? ದಡ ಸೇರಿದರೂ ಅಲ್ಲಿಂದ ಮುಂದೆ ಸೂಲಗಿತ್ತಿಯ ಮನೆಗೆ ಎಷ್ಟು ಹರದಾರಿಯೋ. ಆ ಕಾಲಕ್ಕೆ ಅದು ಬುದ್ಧಿವಂತರ ಮಾತು. ಹಳೆಯ ಶಾಸ್ತ್ರಗಳಲ್ಲಿ ಗರ್ಭಿಣಿಯ ಗಂಡನಿಗೂ ಸಮುದ್ರಯಾನ ಬೇಡ ಎಂದಿದೆ. ಹೆಂಡತಿಗೆ ಬೇನೆ ಬರುವ ಹೊತ್ತಿಗೆ ಅವನು ಮನೆಯ ಹತ್ತಿರ ಇರಲಿ ಎನ್ನುವ ಕಾಳಜಿ ಅದರ ಹಿಂದೆ ಇದ್ದಿರಬಹುದು. ಅದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹಿನ್ನೀರಿನ ಮೇಲೆ ಹೋಗುವ ಕಬ್ಬಿಣದ ಲಾಂಚ್ ಆ ದೋಣಿಯಲ್ಲ. ಓಮ್ನಿ, ಜೀಪು ಹೊತ್ತು ನಿಧಾನಕ್ಕೆ ಸಾಗುವ ಲಾಂಚ್ ಮೇಲೆ ನಿಂತರೆ, ಎಂಜಿನ್ನಿನ ಗುಡುಗುಡು ಬಿಟ್ಟರೆ ಅಲ್ಲಾಟ ಗೊತ್ತಾಗುವುದೇ ಕಡಿಮೆ.

ಇನ್ನು ಬಳ್ಳಿಯ ವಿಷಯ. ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಬಳ್ಳಿ ಕುತ್ತಿಗೆಗೆ ಒಂದು ಸುತ್ತು ಬಂದಿರುತ್ತದೆ. ಮನೆಯ ಹೊಸ್ತಿಲು ದಾಟದವರ ಮಕ್ಕಳಿಗೂ ಬಂದಿರುತ್ತದೆ. ತಲೆ ಹೊರಗೆ ಬಂದ ಕೂಡಲೇ ನಾವು ಬೆರಳು ತೂರಿಸಿ, ಮಾಲೆ ತೆಗೆದ ಹಾಗೆ ತೆಗೆಯುತ್ತೇವೆ. ಎಷ್ಟೋ ಸಲ ತಾಯಿಗೆ ಹೇಳುವುದೂ ಇಲ್ಲ, ಅಷ್ಟು ಸಾಮಾನ್ಯ. ಸುತ್ತು ಬರುವುದು ಮಗು ತಾನೇ ಒಳಗೆ ಹೊರಳಾಡುವುದರಿಂದ, ಬಳ್ಳಿ ಸ್ವಲ್ಪ ಉದ್ದ ಇರುವುದರಿಂದ. ನೀವು ಕೂತ ವಾಹನ ಅಲ್ಲಾಡಿದ್ದರಿಂದ ಅಲ್ಲ. ಈಗ ನಿಮ್ಮ ಮಗುವಿನ ಸುತ್ತ ಮುಕ್ಕಾಲು ಲೀಟರಿನಷ್ಟು ನೀರಿದೆ. ಅದರ ಸುತ್ತ ಗರ್ಭಕೋಶದ ದಪ್ಪ ಸ್ನಾಯು, ಆಮೇಲೆ ನಿಮ್ಮ ಹೊಟ್ಟೆಯ ಗೋಡೆ. ತುಂಬಿದ ಕೊಡದೊಳಗೆ ನಿಂಬೆಹಣ್ಣು ಹಾಕಿ ಕೊಡ ಹೊತ್ತು ನಡೆದರೆ ನಿಂಬೆಹಣ್ಣು ಜಜ್ಜಿ ಹೋಗುತ್ತದೆಯೇ? ಹಾಗೆ. ಎಂಜಿನ್ ಸದ್ದಿಗೆ ಮಗು ಒಮ್ಮೆ ಒದೆಯಬಹುದು. ಒದ್ದರೆ ಖುಷಿಪಡಿ.

ಅಲ್ಲಾಟಕ್ಕೆ ಬೇನೆ ಬರುತ್ತದೆ ಎನ್ನುವುದೂ ಇದೇ ಜಾತಿಯ ಮಾತು. ದಿನ ತುಂಬುವ ಮುಂಚೆ, ಅಂದರೆ 37 ವಾರಕ್ಕೆ ಮೊದಲು, ಹತ್ತರಲ್ಲಿ ಸುಮಾರು ಒಂದು ಹೆರಿಗೆ ಆಗುತ್ತದೆ. ಕಾರಣ ಹುಡುಕುತ್ತಾ ಹೋದರೆ ಮೂತ್ರದ ಸೋಂಕು, ಅವಳಿ ಮಕ್ಕಳು, ಏರಿದ ಬಿಪಿ, ಗರ್ಭಕೋಶದ ಬಾಯಿ ಗಿಡ್ಡವಾಗಿರುವುದು, ಹಿಂದಿನ ಹೆರಿಗೆಯೂ ಬೇಗ ಆಗಿರುವುದು, ಇಂಥವು ಸಿಗುತ್ತವೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಕಾರಣ ಸಿಗದಾಗಲೇ ನಮ್ಮ ಜನ ಹಿಂದಿನ ದಿನ ಆಕೆ ಎಲ್ಲಿಗೆ ಹೋಗಿದ್ದಳು ಎಂದು ನೆನಪು ಮಾಡಿಕೊಳ್ಳುವುದು. ಬಸ್ಸು, ಲಾಂಚು, ಮೆಟ್ಟಿಲು, ಪಪ್ಪಾಯಿ, ಯಾವುದೋ ಒಂದರ ಮೇಲೆ ತಪ್ಪು ಬೀಳುತ್ತದೆ. ಕೊನೆಗೆ ಆ ತಪ್ಪು ಹೆಣ್ಣುಮಗಳ ತಲೆಗೇ ಬರುತ್ತದೆ. ಅದು ನನಗೆ ಬಹಳ ಸಂಕಟ ಕೊಡುವ ಸಂಗತಿ.

ಈಗ ಎಂಟರ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಆತಂಕ ಕೊಟ್ಟಿದ್ದು ಲಾಂಚ್ ಅಲ್ಲ, ಒಂಬತ್ತಕ್ಕೆ ಬೀಳಲಿ ಎನ್ನುವ ಮಾತು. ಏಳರ ಮಗು ಬದುಕುತ್ತದೆ, ಎಂಟರದ್ದು ಉಳಿಯುವುದಿಲ್ಲ ಎನ್ನುವುದು ನಮ್ಮಲ್ಲಿ ಮನೆಮನೆಯ ಮಾತು. ಅದು ತಪ್ಪು. ಪೂರ್ತಿ ತಪ್ಪು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ ಲಾಭವೇ. 30 ವಾರಕ್ಕೆ ಹುಟ್ಟಿದ ಮಗುವಿಗಿಂತ 34 ವಾರದ್ದು ಎಷ್ಟೋ ಗಟ್ಟಿ. 34 ವಾರಕ್ಕೆ ಸಾಮಾನ್ಯವಾಗಿ ಎರಡು ಕಿಲೋ ದಾಟಿರುತ್ತದೆ, ಹೆಚ್ಚಿನವು ತಾವೇ ಉಸಿರಾಡುತ್ತವೆ. ಬೆಚ್ಚಗೆ ಇಡಬೇಕು, ಹಾಲು ಕುಡಿಸುವುದಕ್ಕೆ ತಾಳ್ಮೆ ಬೇಕು, ಕೆಲವಕ್ಕೆ ಕೆಲವು ದಿನ ನವಜಾತ ಶಿಶು ಘಟಕ ಬೇಕಾಗುತ್ತದೆ. ಉಳಿಯುವುದಿಲ್ಲ ಎನ್ನುವುದು ಯಾವ ಲೆಕ್ಕದಲ್ಲೂ ನಿಜವಲ್ಲ.

ಈ ಮಾತನ್ನು ನಂಬಿ ಎಂಟರಲ್ಲಿ ಹೊರಡದೆ ಕೂತರೆ ಏನಾಗುತ್ತದೆ ನೋಡಿ. ಒಂಬತ್ತಕ್ಕೆ ಬಿದ್ದು, ಅಮಾವಾಸ್ಯೆ ಕಳೆದು, ಒಳ್ಳೆ ದಿನ ಸಿಕ್ಕಿ, ನೀವು ಹೊರಡುವ ಹೊತ್ತಿಗೆ 37 ವಾರ ದಾಟಿರುತ್ತದೆ. ಆಗ ಬೇನೆ ಯಾವ ಗಂಟೆಗಾದರೂ ಬರಬಹುದು. ಪ್ರಯಾಣಕ್ಕೆ ನಿಜವಾಗಿ ಕೆಟ್ಟ ಹೊತ್ತು ಅದೇ. ದಾರಿಯಲ್ಲಿ ಹೆರಿಗೆಯಾಯಿತು ಎಂದು ಬಂದವರಲ್ಲಿ ಹೆಚ್ಚಿನವರು ದಿನ ತುಂಬಿದವರೇ. ಚೊಚ್ಚಲಕ್ಕೆ ಬೇನೆ ಶುರುವಾಗಿ ಹೆರಿಗೆಯಾಗಲು ಸಾಮಾನ್ಯವಾಗಿ ಅರ್ಧ ದಿನ ಬೇಕು, ಅದೊಂದು ಸಮಾಧಾನ. ಎರಡನೆಯದಕ್ಕೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ: ಬಾಣಂತನಕ್ಕೆ ತವರಿಗೆ ಹೋಗುವುದಾದರೆ 36 ವಾರ ತುಂಬುವ ಮೊದಲು ತಲುಪಿಬಿಡಬೇಕು. ನಿಮಗೆ ಇನ್ನು ಹತ್ತು ಹನ್ನೆರಡು ದಿನ ಇದೆ. ಅತ್ತೆಗೆ ದಿನ ನೋಡುವುದಿದ್ದರೆ ಅದರೊಳಗೇ ನೋಡಲಿ. ಡಾಕ್ಟ್ರು 36ರೊಳಗೆ ಎಂದಿದ್ದಾರೆ ಎಂದು ನನ್ನ ಹೆಸರು ಹೇಳಿ. ಸೊಸೆಯ ಮಾತಿಗೆ ಬಗ್ಗದವರು ಡಾಕ್ಟರ ಮಾತಿಗೆ ಬಗ್ಗುವುದನ್ನು ಕಂಡಿದ್ದೇನೆ. ಅವರ ಮರ್ಯಾದೆಯೂ ಉಳಿಯುತ್ತದೆ.

ಹಾಗಾದರೆ ಲಾಂಚ್‌ನಲ್ಲಿ ಅಪಾಯವೇ ಇಲ್ಲವಾ? ಇದೆ. ಆದರೆ ಅದು ನಡು ನೀರಿನಲ್ಲಿಲ್ಲ, ದಡದಲ್ಲಿದೆ.

ಸುಮಾರು ಹದಿನೈದು ವರ್ಷದ ಹಿಂದೆ ಒಬ್ಬಾಕೆಯನ್ನು ಕರೆತಂದರು. 35 ವಾರ. ಲಾಂಚ್ ದಡಕ್ಕೆ ತಾಗಿ, ಸರಪಳಿ ಬಿಟ್ಟು, ಮುಂದಿನ ಕಬ್ಬಿಣದ ಹಲಗೆ ಇಳಿಸಿದ್ದಾರೆ. ಹಲಗೆಯ ತುದಿಗೂ ಮಣ್ಣಿಗೂ ನಡುವೆ ಒಂದು ಗೇಣು ಎತ್ತರ. ಮುಂದೆ ಇಳಿದ ಜೀಪಿನ ಚಕ್ರದ ಕೆಸರು ಹಲಗೆ ಮೇಲೆ ಮೆತ್ತಿಕೊಂಡಿದೆ. ಈಕೆಯ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ಅತ್ತೆ ಕಟ್ಟಿ ಕೊಟ್ಟ ಚಕ್ಕುಲಿ ಡಬ್ಬಿ. ತುಂಬು ಹೊಟ್ಟೆಯವರಿಗೆ ತಮ್ಮ ಪಾದ ತಮಗೇ ಕಾಣುವುದಿಲ್ಲ. ಜಾರಿ ಎಡ ಮಗ್ಗುಲಿಗೆ ಬಿದ್ದಳು. ಎದ್ದು ಮಣ್ಣು ಕೊಡವಿಕೊಂಡು, ಏನೂ ಆಗಿಲ್ಲ ಎಂದು ಬಸ್ಸು ಹತ್ತಿದಳು. ಎರಡು ಗಂಟೆ ಕಳೆಯುವಷ್ಟರಲ್ಲಿ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಯಿತು, ರಕ್ತ ಕಾಣಿಸಿತು. ಬಿದ್ದ ಪೆಟ್ಟಿಗೆ ಮಾಸು ಗರ್ಭಕೋಶದಿಂದ ಸ್ವಲ್ಪ ಬಿಟ್ಟುಕೊಂಡಿತ್ತು. ಕೂಡಲೇ ಆಪರೇಷನ್ ಮಾಡಿದೆವು. ತಾಯಿ, ಮಗು ಇಬ್ಬರೂ ಉಳಿದರು. ಆ ಮಗು ಈಗ ಹೈಸ್ಕೂಲು.

ನೀರಿನ ಮೇಲೆ ಹೋದದ್ದರಿಂದ ಆಕೆಗೆ ಏನೂ ಆಗಲಿಲ್ಲ. ಇಳಿಯುವಾಗಿನ ಒಂದು ಹೆಜ್ಜೆ ತಪ್ಪಿತು, ಅಷ್ಟೇ. ಬಸುರಿಯಲ್ಲಿ ಕೀಲುಗಳ ಬಿಗಿ ಸಡಿಲವಾಗಿರುತ್ತದೆ, ಭಾರ ಮುಂದಕ್ಕೆ ಬಂದಿರುತ್ತದೆ, ಬ್ಯಾಲೆನ್ಸ್ ಬೇಗ ತಪ್ಪುತ್ತದೆ. ನೀವು ಲಾಂಚ್ ಹತ್ತಿದರೂ ಅಷ್ಟೇ, ತವರಿನ ಬಚ್ಚಲಿಗೆ ಹೋದರೂ ಅಷ್ಟೇ, ಈ ದಿನಗಳಲ್ಲಿ ಜಾರುವ ಜಾಗಕ್ಕೆ ಹೆದರಿ. ಒಂದು ವೇಳೆ ಬಿದ್ದು ಹೊಟ್ಟೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಬನ್ನಿ. ಕನಿಷ್ಠ ನಾಲ್ಕು ಗಂಟೆ ಮಗುವಿನ ಎದೆಬಡಿತ ನೋಡುತ್ತೇವೆ. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ 72 ಗಂಟೆಯೊಳಗೆ ಒಂದು ಇಂಜೆಕ್ಷನ್ ಬೇಕಾಗುತ್ತದೆ. ನಿಮ್ಮ ಗುಂಪು ಯಾವುದೆಂದು ಬರೆದಿಲ್ಲ, ತಾಯಿ ಕಾರ್ಡ್‌ನಲ್ಲಿ ಇರುತ್ತದೆ, ನೋಡಿಕೊಳ್ಳಿ.

ಲಾಂಚ್‌ನ ಎರಡನೆಯ ಅಪಾಯ ಕಾಯುವುದು. ಲಾಂಚ್ ಆಚೆ ದಡದಲ್ಲಿದ್ದರೆ ಅದು ಬರುವ ತನಕ ಈಚೆ ನಿಲ್ಲಬೇಕು. ಸಂಜೆಗೆ ನಿಂತರೆ ಬೆಳಿಗ್ಗೆಯೇ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಓಡುವುದೇ ಇಲ್ಲ. ಗಾಳಿ ಮಳೆ ಜೋರಾದರೂ ನಿಲ್ಲಿಸುತ್ತಾರೆ. ಸೇತುವೆ ಆಗುವ ಮುಂಚೆ, ರಾತ್ರಿ ಹತ್ತಕ್ಕೆ ನೀರು ಒಡೆದ ಒಬ್ಬಾಕೆ ಬೆಳಿಗ್ಗೆ ಏಳೂವರೆಗೆ ನಮ್ಮ ಬಾಗಿಲಿಗೆ ಬಂದಿದ್ದು ನೆನಪಿದೆ. ಜ್ವರ ಬಂದಿತ್ತು, ಮಗುವಿಗೂ ಸೋಂಕು ತಗುಲಿತ್ತು. ಅದೇ ಹೆಣ್ಣುಮಗಳು ಹಗಲು ಹೊತ್ತಿನಲ್ಲಿ ಅದೇ ಲಾಂಚ್ ಹತ್ತಿ ಬಂದಿದ್ದರೆ ಅರ್ಧ ಪೇಟೆ ಸುತ್ತಿ ಬರಬಹುದಿತ್ತು.

ದೊಡ್ಡ ಹಡಗುಗಳ ನಿಯಮ ನೋಡಿದರೂ ಇದೇ ಲೆಕ್ಕ ಕಾಣುತ್ತದೆ. ಹಲವು ದಿನ ಸಮುದ್ರದಲ್ಲೇ ಇರುವ ಕ್ರೂಸ್ ಹಡಗಿನವರು ಸಾಮಾನ್ಯವಾಗಿ 24ನೇ ವಾರಕ್ಕೆ ಕಾಲಿಟ್ಟವರನ್ನು ಹತ್ತಿಸಿಕೊಳ್ಳುವುದಿಲ್ಲ. ಅಲೆಗೆ ಹೆದರಿ ಅಲ್ಲ. ನಡು ಸಮುದ್ರದಲ್ಲಿ 26 ವಾರದ ಮಗು ಹುಟ್ಟಿದರೆ ಉಳಿಸಲು ಅಲ್ಲಿ ಏನೂ ಇರುವುದಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗು 14ರಿಂದ 18 ಗಂಟೆ ತೆಗೆದುಕೊಳ್ಳುತ್ತದೆ. ಅಂಥ ಪ್ರಯಾಣವಾದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಸೇರಿಕೊಳ್ಳುತ್ತದೆ, ವಾಂತಿಯಿಂದ ನಿತ್ರಾಣವಾಗುವುದು ಸೇರಿಕೊಳ್ಳುತ್ತದೆ. ನೀರಿನ ಮೇಲೆ ಸ್ವಲ್ಪ ಹೊತ್ತು ಮಾತ್ರ ಇರುವ ನಿಮಗೆ ಅದ್ಯಾವುದೂ ಇಲ್ಲ. ವಾಂತಿ ಮಾತ್ರೆ ತಗೊಳ್ಳಲಾ ಎಂದು ಕೆಲವರು ಕೇಳುತ್ತಾರೆ. ಹಿನ್ನೀರಿಗೆ ಬೇಡ. ಡೀಸೆಲ್ ವಾಸನೆಗೆ ಹೊಟ್ಟೆ ತೊಳಸುವವರು ಎಂಜಿನ್‌ನಿಂದ ದೂರ, ಗಾಳಿ ಬೀಸಿ ಬರುವ ಕಡೆ ಕೂತರೆ ಸಾಕು.

ಈಗ ನಿಮ್ಮ ಎರಡು ದಾರಿ ಪಕ್ಕಪಕ್ಕ ಇಟ್ಟು ನೋಡೋಣ. ಹಲ್ಕೆರೆ, ಮುಪ್ಪಾನೆ ದಾರಿ ಹತ್ತಿರ, ನಿಜ. ಆದರೆ ಆಚೆ ದಡದಲ್ಲಿ ಇಳಿದ ಮೇಲೆ ಕಾಡು. ಸಿಗ್ನಲ್ ಇಲ್ಲ ಎಂದು ನೀವೇ ಬರೆದಿದ್ದೀರಿ. ಓಮ್ನಿ ಅಲ್ಲಿ ಕೆಟ್ಟು ನಿಂತರೆ, ಅಥವಾ ಲಾಂಚ್‌ಗೆ ಕಾಯುವಾಗ ರಕ್ತ ಕಾಣಿಸಿದರೆ, 108ಕ್ಕೆ ಫೋನ್ ಮಾಡಲೂ ಆಗುವುದಿಲ್ಲ. ಹಾಗೆ ಆಗುವ ಸಾಧ್ಯತೆ ಬಹಳ ಕಡಿಮೆ. ಆದರೆ ಆದಾಗ ಕೈಯಲ್ಲಿ ಏನೂ ಇರುವುದಿಲ್ಲ. ಸೇತುವೆ ದಾರಿ ದೂರ, ಸುಸ್ತು ಜಾಸ್ತಿ. ಆದರೆ ಅದು ಸಾಗರದ ಮೇಲೇ ಹೋಗುತ್ತದೆ. ಸಾಗರದಲ್ಲಿ ದೊಡ್ಡಾಸ್ಪತ್ರೆ ಇದೆ, ಹೆರಿಗೆ ತಜ್ಞರಿದ್ದಾರೆ. ತೀರಾ ಅವಸರ ಬಿದ್ದರೆ ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೆದ್ದಾರಿ ಇದೆ. ನೀವು ಮನೆ ಬಿಟ್ಟ ಕ್ಷಣದಿಂದ ಆಸ್ಪತ್ರೆಗೆ ಹತ್ತಿರವಾಗುತ್ತಲೇ ಹೋಗುತ್ತೀರಿ. ಲಾಂಚ್ ದಾರಿಯಲ್ಲಿ ಮೊದಲು ಅದರಿಂದ ದೂರವಾಗಿ ಆಮೇಲೆ ಹತ್ತಿರವಾಗುತ್ತೀರಿ. ನಾನು ಸೇತುವೆ ಎನ್ನುವುದು ಇದೊಂದೇ ಕಾರಣಕ್ಕೆ.

ಇನ್ನೂ ಒಂದು ಅನುಕೂಲ ಇದೆ. ಸಾಗರದಲ್ಲಿ ಇಳಿದು, ನಿಮ್ಮ ಹೆರಿಗೆ ಎಲ್ಲಿ ಮಾಡಿಸಬೇಕೆಂದಿದ್ದೀರೋ ಆ ಡಾಕ್ಟರನ್ನು ಅವತ್ತೇ ಕಂಡುಬಿಡಿ. ತವರಿಗೆ ಬಂದ ಎಷ್ಟೋ ಹೆಣ್ಣುಮಕ್ಕಳು ಬೇನೆ ಬಂದ ರಾತ್ರಿಯೇ ಮೊದಲ ಸಲ ಆ ಆಸ್ಪತ್ರೆಯ ಮುಖ ನೋಡುತ್ತಾರೆ. ಕೈಯಲ್ಲಿ ರಿಪೋರ್ಟ್ ಇರುವುದಿಲ್ಲ, ಅದು ಗಂಡನ ಮನೆಯ ಬೀರುವಿನಲ್ಲಿರುತ್ತದೆ. ಆಗ ನಾವು ಕತ್ತಲಲ್ಲಿ ಕೈಯಾಡಿಸಿದ ಹಾಗೆ. ತಾಯಿ ಕಾರ್ಡ್, ಎಲ್ಲಾ ಸ್ಕ್ಯಾನ್, ರಕ್ತದ ರಿಪೋರ್ಟ್ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬಟ್ಟೆ ಬ್ಯಾಗಿನಲ್ಲಲ್ಲ, ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಹಣದ ಅಡಚಣೆ ಇದ್ದರೆ, ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ ಹೊರಡುವ ವಿಷಯ ತಿಳಿಸಿ. ತವರೂರಿನ ಆಶಾಗೆ ಫೋನ್ ಮಾಡಿ ಹೇಳುತ್ತಾರೆ.

ಹೊರಡುವ ಮುಂಚೆ ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಮಾಸು ಮೇಲೆ ಹೋಗಿದೆ ಎಂದಿದ್ದೀರಿ. ಐದನೇ ತಿಂಗಳಲ್ಲಿ ಕೆಳಗಿದ್ದ ಮಾಸು ಹತ್ತರಲ್ಲಿ ಒಂಬತ್ತು ಮಂದಿಗೆ ಗರ್ಭಕೋಶ ಬೆಳೆದ ಹಾಗೆ ಮೇಲೆ ಸರಿಯುತ್ತದೆ, ನಿಮ್ಮದೂ ಹಾಗೇ ಆಗಿರಬೇಕು. ಆದರೂ ಕೊನೆಯ ಸ್ಕ್ಯಾನ್ ರಿಪೋರ್ಟ್ ತೆಗೆದು, ಗರ್ಭಕೋಶದ ಬಾಯಿಂದ ಮಾಸಿನ ಅಂಚಿಗೆ ಎಷ್ಟು ದೂರ ಎಂದು ಬರೆದಿದ್ದಾರೆ, ಅದನ್ನು ನಿಮ್ಮ ಡಾಕ್ಟರ ಹತ್ತಿರ ಓದಿಸಿ. ಎರಡು ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ನಾನು ಈವರೆಗೆ ಹೇಳಿದ್ದೆಲ್ಲ ನಿಮಗೆ ಸರಿ. ಕಡಿಮೆ ಇದ್ದರೆ, ಅಥವಾ ಈ ಎಂಟು ತಿಂಗಳಲ್ಲಿ ಒಮ್ಮೆಯಾದರೂ ರಕ್ತ ಕಾಣಿಸಿದ್ದರೆ, ಲಾಂಚ್ ಪೂರ್ತಿ ಬಿಡಿ, ನಿಮ್ಮ ಡಾಕ್ಟರನ್ನು ಕೇಳದೆ ಸೇತುವೆ ದಾರಿಗೂ ಹೊರಡಬೇಡಿ. ಅಂಥವರು ತವರಿನ ಆಸೆ ಬದಿಗಿಟ್ಟು ದೊಡ್ಡ ಆಸ್ಪತ್ರೆಯ ಹತ್ತಿರ ಇರಬೇಕಾಗುತ್ತದೆ. ಅವಳಿ ಇದ್ದವರಿಗೆ, ಬಿಪಿ 140/90 ಮುಟ್ಟಿದವರಿಗೆ, ಹಿಂದೆ ದಿನ ತುಂಬದೆ ಹೆತ್ತವರಿಗೂ ಇದೇ ಮಾತು.

ಹಿಮೋಗ್ಲೋಬಿನ್ 10.2 ಸ್ವಲ್ಪ ಕಡಿಮೆಯೇ. 11 ಇರಬೇಕು. ಪ್ರಯಾಣ ನಿಲ್ಲಿಸುವಷ್ಟು ಕಡಿಮೆಯಲ್ಲ, ಆದರೆ ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳಲು ಬೇಕು. ಕಬ್ಬಿಣದ ಮಾತ್ರೆ ದಿನಾ ತಗೊಳ್ಳಿ, ಟೀ ಕಾಫಿ ಜೊತೆ ಬೇಡ. ನಿಂಬೆ ಪಾನಕದ ಜೊತೆ ಒಳ್ಳೆಯದು.

ಹೊರಡುವ ದಿನ ಬೆಳಿಗ್ಗೆ ಬೇಗ ಹೊರಡಿ. ತಿಂಡಿ ತಿಂದು ಹೊರಡಿ, ಖಾಲಿ ಹೊಟ್ಟೆ ಬೇಡ. ಓಮ್ನಿಯ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗಿ ಬರಬೇಕು. ಮೇಲಿನ ಪಟ್ಟಿ ಎರಡು ಎದೆಯ ನಡುವೆ. ಬೆಲ್ಟಿನಿಂದ ಮಗುವಿಗೆ ಒತ್ತುತ್ತದೆ ಎಂದು ಬಿಚ್ಚಿ ಕೂರುವವರೇ ಜಾಸ್ತಿ, ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ಸೀಟಿನಲ್ಲಿ ಅಂಗಾತ ಮಲಗುವುದೂ ಬೇಡ. ತುಂಬು ಗರ್ಭಕೋಶ ಬೆನ್ನಿನ ಕಡೆಯ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತು ಬರುತ್ತದೆ. ಗಂಟೆ ಗಂಟೆಗೆ ವಾಹನ ನಿಲ್ಲಿಸಿ, ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ, ಮೂತ್ರಕ್ಕೆ ಹೋಗಿ ಬನ್ನಿ. ದಾರಿಯಲ್ಲಿ ಎಲ್ಲಿ ಹೋಗುವುದು ಎಂದು ನೀರೇ ಕುಡಿಯದೆ ಹೊರಡುವ ಹೆಣ್ಣುಮಕ್ಕಳನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ನೀರು ಕಡಿಮೆಯಾಗಿ, ಮೂತ್ರ ಕಟ್ಟಿ, ಅದರಿಂದಲೇ ಹೊಟ್ಟೆ ಹಿಡಿದುಕೊಳ್ಳುವುದುಂಟು. ಅದನ್ನು ಬೇನೆ ಎಂದುಕೊಂಡು ಗಾಬರಿಯಾಗುತ್ತಾರೆ.

ಇಷ್ಟೆಲ್ಲಾ ಹೇಳಿದರೂ ಮನೆಯಲ್ಲಿ ಕೂತು ಯೋಚಿಸಿ ಲಾಂಚೇ ಸರಿ ಎನಿಸಿದರೆ ನಾನು ಬೈಯುವುದಿಲ್ಲ. ಸುಸ್ತಿನ ಸುತ್ತಿಗಿಂತ ಅದು ಹಗುರ ಎನ್ನುವವರಿದ್ದಾರೆ. ಮಾಸು, ಬಿಪಿ ಸರಿ ಇದ್ದರೆ ಹೋಗಬಹುದು. ಆದರೆ ಹಿಂದಿನ ದಿನವೇ ಲಾಂಚ್ ಓಡುತ್ತಿದೆಯೇ ಎಂದು ವಿಚಾರಿಸಿ, ಬೆಳಗಿನ ಹೊತ್ತಿಗೇ ಹೋಗಿ. ನಿಮ್ಮ ಅಪ್ಪನೋ ಅಣ್ಣನೋ ಮುಪ್ಪಾನೆ ದಡಕ್ಕೆ ಇನ್ನೊಂದು ಗಾಡಿ ತಂದು ಕಾದಿರಲಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಹಲಗೆ ಮೇಲೆ ನಡೆಯುವಾಗ ಗಾಡಿಗಳು ಹತ್ತಿ ನಿಂತ ಮೇಲೆ ಕೊನೆಗೆ ಹತ್ತಿ, ಇಳಿಯುವಾಗ ಎಲ್ಲರೂ ಇಳಿದ ಮೇಲೆ ಇಳಿಯಿರಿ. ಕೈಯಲ್ಲಿ ಏನೂ ಬೇಡ. ಒಂದು ಕೈ ಗಂಡನ ಹೆಗಲ ಮೇಲೆ ಇರಲಿ. ಹಿಂದೆ ಪಟ್ಟಿ ಇರುವ, ಹಿಡಿತದ ಚಪ್ಪಲಿ ಹಾಕಿ. ನೀರಿನ ಮೇಲೆ ಇರುವಷ್ಟು ಹೊತ್ತು ಓಮ್ನಿಯೊಳಗೆ ಬಾಗಿಲು ಹಾಕಿಕೊಂಡು ಕೂರಬೇಡಿ, ಹೊರಗೆ ಬಂದು ಕೂರಿ. ನಿಲ್ಲುವ ಹಟ ಬೇಡ. ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ, ಹೊಟ್ಟೆಯ ಮೇಲೆ ಬಿಗಿಯದೆ ಎದೆಯ ಕೆಳಗೆ ಪಟ್ಟಿ ಬರುವ ಹಾಗೆ ಕಟ್ಟಿಸಿಕೊಳ್ಳಿ.

ಯಾವ ದಾರಿಯಾದರೂ, ಹೊರಡುವ ದಿನ ಬೆಳಿಗ್ಗೆ ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಬಿಗಿಯಾಗಿ ಸಡಿಲವಾಗುತ್ತಿದ್ದರೆ, ನೀರು ಸೋರಿದರೆ, ಒಂದು ಹನಿಯಾದರೂ ರಕ್ತ ಕಂಡರೆ, ಮಗು ಎಂದಿನ ಹಾಗೆ ಆಡದಿದ್ದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ ತವರಿನ ಮಾತು ಅಲ್ಲಿಗೇ ನಿಲ್ಲಿಸಿ. 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ. ಆಟ ಕಡಿಮೆಯಾಯಿತೇನೋ ಎಂಬ ಅನುಮಾನ ಇದ್ದರೆ ಊಟ ಮಾಡಿ ಎಡ ಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡಬೇಕು. ಆಗೊಮ್ಮೆ ಈಗೊಮ್ಮೆ ಹೊಟ್ಟೆ ಬಿಗಿಯಾಗಿ, ಮಲಗಿದ ಕೂಡಲೇ ಹೋಗುವುದು ಸುಳ್ಳು ನೋವು. ಅದಕ್ಕೆ ಹೆದರಬೇಡಿ.

ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ: ಮಗು ಎತ್ತಿಕೊಂಡು ವಾಪಸ್ ಬರುವಾಗ? ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಾಯಿ ಮಗುವನ್ನು ಮನೆಗೆ ಬಿಡಲು ನಗು-ಮಗು ಗಾಡಿ ಉಚಿತ, ಆಸ್ಪತ್ರೆಯಿಂದ ತವರಿಗೆ ಅದರಲ್ಲೇ ಹೋಗಿ. ಬಾಣಂತನ ಮುಗಿಸಿ ಮೂರು ತಿಂಗಳಿಗೋ ಐದಕ್ಕೋ ಗಂಡನ ಮನೆಗೆ ಬರುವಾಗ, ಹಿನ್ನೀರಿನಲ್ಲಿ ನೀರಿದ್ದು ದಿನ ಚೆನ್ನಾಗಿದ್ದರೆ ಲಾಂಚ್‌ನಲ್ಲೇ ಬನ್ನಿ. ಕೂಸಿನ ಕಿವಿಗೆ ಗಾಳಿ ಹೊಡೆಯದ ಹಾಗೆ ಕುಲಾವಿ ಕಟ್ಟಿ. ಅಷ್ಟು ಹೊತ್ತಿಗೆ ನಿಮ್ಮ ಪಾದ ನಿಮಗೆ ಕಾಣುತ್ತಿರುತ್ತದೆ, ಹಲಗೆ ಇಳಿಯುವುದು ಸುಲಭ.